ಗುಂಡಿ ಒತ್ತಿದರೆ ಆರಿತೆಂದು ತಿಳಿಯಬಹುದೇ?

ಗೋಕಾಕ ಜಲಪಾತದ ಬಳಿ ಘಟಪ್ರಭೆಯ ನೀರಿನಿಂದ 1887ರಷ್ಟು ಹಿಂದೆಯೇ ವಿದ್ಯುತ್ತು ತಯಾರಾಯಿತೆಂಬುದು ಈ ಭಾಗದವರೆಲ್ಲ ಅಭಿಮಾನದಿಂದ ಹೇಳುವ ಸಂಗತಿ. ಹುಕ್ಕೇರಿ ತಾಲೂಕಿನಲ್ಲಂತೂ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಮನೆಯ ದೀಪಕ್ಕೂ ಹೊಲದ ಪಂಪ್‌ಸೆಟ್ಟಿಗೂ ವಿದ್ಯುತ್ತನ್ನು ಹಂಚುತ್ತ ಬಂದಿದೆ. ಹೀಗೆ ನಮ್ಮ ಜನರಿಗೆ ವಿದ್ಯುತ್ತಿನೊಡನೆ ತಲೆಮಾರುಗಳ ಸಹವಾಸವುಂಟು. ಗುಂಡಿಯನ್ನು ಕೆಳಗೆ ಒತ್ತಿದರೆ ದೀಪ ಹತ್ತುವುದು, ಮೇಲೆ ಒತ್ತಿದರೆ ಆರುವುದು. ಆರಿದ್ದು ಕಣ್ಣಿಗೆ ಕಾಣುವುದರಿಂದ ಅದರಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ.

ಈಗ ಮನೆಗಳಿಗೆ ಬಂದಿರುವ ಲ್ಯಾಪ್‌ಟಾಪಿನ ಗುಂಡಿಗಳು ಆ ಜಾತಿಯವಲ್ಲ. 2020ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿದ ಮೇಲೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಹಳ್ಳಿಗೂ ಈ ಯಂತ್ರ ಪ್ರವೇಶ ಮಾಡಿತು. ಪುಣೆ, ಬೆಂಗಳೂರುಗಳ ಕಂಪನಿಗಳಲ್ಲಿ ದುಡಿಯುವ ಮಕ್ಕಳು ಊರಿನ ಪಡಸಾಲೆಯಲ್ಲಿ ಕುಳಿತು ಕೆಲಸ ಮಾಡುವ ರೂಢಿಯೂ ಆಗಿನಿಂದಲೇ ಬೆಳೆಯಿತು. ಅದರ ಬೆನ್ನಿಗೆ ನಮ್ಮ ಆರೋಗ್ಯ ವಿಭಾಗಕ್ಕೆ ಭಕ್ತರಿಂದ ಬರುವ ಪ್ರಶ್ನೆಗಳೂ ಬದಲಾದವು. "ಮಗನು ರಾತ್ರಿ ಲ್ಯಾಪ್‌ಟಾಪನ್ನು ಮುಚ್ಚಿ ತಲೆದಿಂಬಿನ ಮಗ್ಗುಲಲ್ಲಿಯೇ ಇಟ್ಟು ಮಲಗುತ್ತಾನೆ, ಅದರಿಂದ ಅಲೆಗಳು ಬರುತ್ತಿರುತ್ತವೆಯೇ?" ಎಂಬುದು ತಾಯಂದಿರ ಪ್ರಶ್ನೆ. ಬಸುರಿಯಾದ ಸೊಸೆ ದಿನಕ್ಕೆ ಎಂಟು ಗಂಟೆ ಅದರ ಮುಂದೆ ಕುಳಿತುಕೊಳ್ಳುವಳೆಂಬುದು ಅತ್ತೆಯವರ ಚಿಂತೆ. ಎದೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರು ಮೊಮ್ಮಗನ ಹತ್ತಿರ ಕೂಡ್ರಲು ಹೆದರುತ್ತಾರೆ.

ಈ ಪ್ರಶ್ನೆಗಳಿಗೆ ಎರಡು ಉತ್ತರಗಳನ್ನು ಒಟ್ಟಿಗೇ ಹೇಳಬೇಕಾಗುತ್ತದೆ. ಮುಚ್ಚಳ ಮುಚ್ಚಿದ ಮಾತ್ರಕ್ಕೆ ಲ್ಯಾಪ್‌ಟಾಪಿನ ರೇಡಿಯೋಗಳು ಆರುವುದಿಲ್ಲ, ಪರದೆಯ ಮೇಲಿನ ಗುರುತನ್ನು ಒತ್ತಿದ ಮಾತ್ರಕ್ಕೂ ಆರಿದವೆಂದು ನಂಬುವಂತಿಲ್ಲ. ಆದರೆ ಆರದೆ ಉಳಿದ ಆ ಅಲೆಗಳಿಗೆ ಭಕ್ತರು ಪಡುವಷ್ಟು ಭಯವನ್ನು ಪಡಬೇಕಾದ ಕಾರಣವೂ ಇಲ್ಲ. ಮೊದಲನೆಯದನ್ನಷ್ಟೇ ಹೇಳಿದರೆ ಮನೆಯಲ್ಲಿ ಭೀತಿ ಹಬ್ಬುತ್ತದೆ. ಎರಡನೆಯದನ್ನಷ್ಟೇ ಹೇಳಿದರೆ ನಿಜವಾಗಿ ಎಚ್ಚರ ವಹಿಸಬೇಕಾದಲ್ಲಿಯೂ ಉದಾಸೀನ ಬೆಳೆಯುತ್ತದೆ.

ಲ್ಯಾಪ್‌ಟಾಪಿನೊಳಗೆ ಸಾಮಾನ್ಯವಾಗಿ ಎರಡು ರೇಡಿಯೋಗಳಿರುತ್ತವೆ. ಒಂದು ವೈಫೈ, ಇನ್ನೊಂದು ಬ್ಲೂಟೂತ್. ಬಹುತೇಕ ಯಂತ್ರಗಳಲ್ಲಿ ಇವೆರಡೂ ಬೆರಳಗಲದ ಒಂದೇ ಬಿಲ್ಲೆಯ ಮೇಲೆ ಕೂತಿರುತ್ತವೆ. ಅವುಗಳ ಆಂಟೆನಾ ತಂತಿಗಳು ಎಷ್ಟೋ ಮಾದರಿಗಳಲ್ಲಿ ಪರದೆಯ ಅಂಚಿನವರೆಗೆ ಹೋಗಿರುತ್ತವೆ. ಸಿಮ್ ಕಾರ್ಡ್ ಹಾಕುವ ಕೆಲವು ಮಾದರಿಗಳಲ್ಲಿ ಮೂರನೆಯ ರೇಡಿಯೋ ಕೂಡ ಇರುವುದುಂಟು. ರೇಡಿಯೋ ಎಂಬ ಮಾತು ಕೇಳಿ ಬೆಚ್ಚಬೇಕಾಗಿಲ್ಲ. ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾದಂದಿನಿಂದ ಅದರ ಅಲೆಗಳು ನಮ್ಮ ಹೊಲ ಮನೆಗಳನ್ನು ಹಾಯ್ದು ಹೋಗುತ್ತಲೇ ಇವೆ. ಲ್ಯಾಪ್‌ಟಾಪಿನದೂ ಅದೇ ಕುಲದ ಅಲೆ. ಕಂಪನದ ವೇಗ ಹೆಚ್ಚು, ಬಲ ಅತ್ಯಲ್ಪ. ವೈಫೈ ರೇಡಿಯೋ ಹೊರಸೂಸುವ ಶಕ್ತಿ ಸಾಮಾನ್ಯವಾಗಿ ಒಂದು ವ್ಯಾಟಿನ ಹತ್ತನೇ ಒಂದು ಭಾಗದ ಆಸುಪಾಸಿನದು. ಬ್ಲೂಟೂತ್ ಅದಕ್ಕಿಂತಲೂ ಎಷ್ಟೋ ಪಾಲು ಕಡಿಮೆ. ಎಕ್ಸ್‌-ರೇ ಕಿರಣಗಳು ಜೀವಕೋಶದ ಅಣುಗಳನ್ನು ಸೀಳಬಲ್ಲವು, ರೇಡಿಯೋ ಅಲೆಗಳಿಗೆ ಆ ಸಾಮರ್ಥ್ಯವಿಲ್ಲ. ಅವು ಬಲವಾಗಿದ್ದಾಗ ದೇಹಕ್ಕೆ ಮಾಡಬಹುದಾದದ್ದು ಬಿಸಿಯೇರಿಸುವುದು, ಈ ಬಲದಲ್ಲಿ ಅದೂ ಗಣನೆಗೆ ಬಾರದಷ್ಟು. ದೂರ ಸರಿದಂತೆ ಅಲೆಯ ಬಲ ಬಹುಬೇಗ ಕುಗ್ಗುತ್ತದೆ: ದೂರ ಎರಡರಷ್ಟಾದರೆ ಬಲ ಕಾಲು ಭಾಗವಾಗುತ್ತದೆ. ವೈಫೈ ಇರುವ ಸ್ಥಳದಲ್ಲಿ ಒಂದು ವರ್ಷ ಕುಳಿತವನಿಗೆ ತಗಲುವ ಅಲೆಯ ಪ್ರಮಾಣವು ಮೊಬೈಲ್ ಫೋನಿನಲ್ಲಿ 20 ನಿಮಿಷ ಮಾತಾಡಿದವನಿಗೆ ತಗಲುವಷ್ಟೇ ಎಂದು ಬ್ರಿಟನ್ನಿನ ಆರೋಗ್ಯ ರಕ್ಷಣಾ ಸಂಸ್ಥೆ 2007ರಲ್ಲಿ ಹೇಳಿತ್ತು.

ಇನ್ನು ಆರಿಸುವ ವಿಷಯ. ಇದನ್ನು ತುಸು ವಿಸ್ತಾರವಾಗಿಯೇ ಹೇಳುತ್ತೇವೆ, ಏಕೆಂದರೆ ತಿಳಿದವರೂ ಇಲ್ಲಿ ಎಡವುತ್ತಾರೆ.

ಗೋಡೆಯ ಮೇಲಿನ ಗುಂಡಿ ತಂತಿಯನ್ನು ತುಂಡರಿಸುತ್ತದೆ. ಪರದೆಯ ಮೇಲಿನ ಗುಂಡಿ ತಂತಿಯನ್ನು ತುಂಡರಿಸುವುದಿಲ್ಲ, ಯಂತ್ರದೊಳಗಿನ ತಂತ್ರಾಂಶಕ್ಕೆ ಒಂದು ಅಪ್ಪಣೆಯನ್ನು ಕೊಡುತ್ತದೆ. ಆ ಅಪ್ಪಣೆಯನ್ನು ತಂತ್ರಾಂಶ ಯಾವ ಅರ್ಥದಲ್ಲಿ ಸ್ವೀಕರಿಸುತ್ತದೆಯೋ ಅದರ ಮೇಲೆ ಉಳಿದದ್ದೆಲ್ಲ ನಿಂತಿದೆ. "ಈ ವೈಫೈಯಿಂದ ಬಿಡಿಸಿಕೋ" ಎಂಬುದು ಒಂದು ಅಪ್ಪಣೆ, "ರೇಡಿಯೋವನ್ನೇ ಆರಿಸು" ಎಂಬುದು ಬೇರೊಂದು ಅಪ್ಪಣೆ. ಡಿಸ್‌ಕನೆಕ್ಟ್ ಎಂಬುದನ್ನು ಒತ್ತಿದರೆ ಮನೆಯ ರೂಟರಿನ ಸಂಪರ್ಕವಷ್ಟೇ ಕಡಿಯುತ್ತದೆ. ರೇಡಿಯೋ ಮಾತ್ರ ಸುತ್ತಲಿನ ಜಾಲಗಳನ್ನು ಹುಡುಕುತ್ತಲೇ ಇರುತ್ತದೆ. ಗೋಕಾಕದ ಹಳೆಯ ಪೇಟೆಯಂಥ ಒತ್ತೊತ್ತಾದ ಓಣಿಗಳಲ್ಲಿ ಪರದೆಯ ಮೇಲೆ ನೆರೆಮನೆಗಳ ವೈಫೈ ಹೆಸರುಗಳು ಸಾಲಾಗಿ ಕಾಣುತ್ತಿದ್ದರೆ, ನಿಮ್ಮ ರೇಡಿಯೋ ಎಚ್ಚರವಾಗಿದೆಯೆಂದೇ ತಿಳಿಯತಕ್ಕದ್ದು.

ವಿಂಡೋಸ್ ಇರುವ ಯಂತ್ರಗಳಲ್ಲಿ ಏರ್‌ಪ್ಲೇನ್ ಮೋಡ್ ಎಂಬ ವ್ಯವಸ್ಥೆಯಿದೆ. ವಿಮಾನದಲ್ಲಿ ರೇಡಿಯೋಗಳನ್ನು ಆರಿಸಲೆಂದು ಹುಟ್ಟಿದ ಈ ಏರ್ಪಾಟು ಎಲ್ಲವನ್ನೂ ಒಂದೇ ಬಾರಿಗೆ ಆರಿಸುತ್ತದೆ. ಆದರೆ ಅದರಲ್ಲೊಂದು ಸೂಕ್ಷ್ಮವಿದೆ. ಏರ್‌ಪ್ಲೇನ್ ಮೋಡಿನಲ್ಲಿ ಇರುವಾಗಲೇ ವೈಫೈಯನ್ನಾಗಲಿ ಬ್ಲೂಟೂತನ್ನಾಗಲಿ ಪ್ರತ್ಯೇಕವಾಗಿ ಮತ್ತೆ ಹಚ್ಚಬಹುದು. ಹಾಗೆ ಒಮ್ಮೆ ಹಚ್ಚಿದರೆ ವಿಂಡೋಸ್ 11 ಅದನ್ನು ನೆನಪಿಟ್ಟುಕೊಂಡು, ಮುಂದಿನ ಸಲ ನೀವು ಏರ್‌ಪ್ಲೇನ್ ಮೋಡ್ ಒತ್ತಿದಾಗಲೂ ಆ ರೇಡಿಯೋವನ್ನು ಹಾಗೆಯೇ ಉಳಿಸಬಹುದು. ವಿಮಾನದ ಗುರುತು ಹೊಳೆಯುತ್ತಿರುತ್ತದೆ, ಒಳಗೆ ರೇಡಿಯೋ ಉಲಿಯುತ್ತಿರುತ್ತದೆ. ಆದ್ದರಿಂದ ಮೂಲೆಯ ಗುರುತನ್ನು ನೋಡಿ ತೃಪ್ತರಾಗದೆ, ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗದೊಳಗಿನ ಏರ್‌ಪ್ಲೇನ್ ಮೋಡ್ ಪುಟವನ್ನು ತೆರೆದು ನೋಡಬೇಕು. ಅಲ್ಲಿ ವೈಫೈಗೊಂದು, ಬ್ಲೂಟೂತ್‌ಗೊಂದು ಬೇರೆ ಬೇರೆ ಗುಂಡಿಗಳಿರುತ್ತವೆ. ಎಲ್ಲವೂ ಆಫ್ ಎಂದಿದ್ದರೆ ಮಾತ್ರ ಆರಿದಂತೆ. ವಿಂಡೋಸ್ 10ರಲ್ಲಿ ವೈಫೈ ಆರಿಸಿದಾಗ ಅದರ ಕೆಳಗೆ "ಮತ್ತೆ ಯಾವಾಗ ಹಚ್ಚಬೇಕು" ಎಂಬ ಆಯ್ಕೆ ಬರುತ್ತದೆ: ಒಂದು ಗಂಟೆ, ನಾಲ್ಕು ಗಂಟೆ, ಒಂದು ದಿನ, ಅಥವಾ ಕೈಯಾರೆ. ಕೈಯಾರೆ ಎಂಬ ಅರ್ಥದ ಮ್ಯಾನ್ಯುಯಲಿ ಎಂಬುದನ್ನೇ ಆರಿಸಿಕೊಳ್ಳದಿದ್ದರೆ ಮಲಗಿದ ಮೇಲೆ ಯಂತ್ರ ತಾನಾಗಿ ವೈಫೈಯನ್ನು ಎಬ್ಬಿಸಿಬಿಡುತ್ತದೆ.

ಮುಚ್ಚಳದ ಸಂಗತಿ ಇನ್ನೂ ವಿಚಿತ್ರ. ಹಿಂದಿನ ಲ್ಯಾಪ್‌ಟಾಪುಗಳು ಮುಚ್ಚಿದೊಡನೆ ಗಾಢವಾಗಿ ನಿದ್ರಿಸುತ್ತಿದ್ದವು. ಈಚಿನ ಅನೇಕ ಮಾದರಿಗಳು ಫೋನಿನಂತೆ ಅರೆನಿದ್ರೆಯಲ್ಲಿರುತ್ತವೆ. ಅರೆನಿದ್ರೆಯಲ್ಲಿಯೇ ಅವು ಅಂತರಜಾಲಕ್ಕೆ ಹೋಗಿ ಮಿಂಚಂಚೆ ತರಬಲ್ಲವು, ಹೊಸ ತಂತ್ರಾಂಶವನ್ನು ಇಳಿಸಿಕೊಳ್ಳಬಲ್ಲವು. ಚೀಲದೊಳಗಿಟ್ಟ ಲ್ಯಾಪ್‌ಟಾಪ್ ಬಿಸಿಯಾಗಿರುವುದನ್ನು ಕಂಡು ವಿದ್ಯಾರ್ಥಿಗಳು ಬೆರಗಾಗುತ್ತಾರಲ್ಲ, ಅದಕ್ಕೆ ಇದೂ ಒಂದು ಕಾರಣ. ರಾತ್ರಿ ನಿಜವಾಗಿಯೂ ಆರಬೇಕೆಂದಿದ್ದರೆ ಮುಚ್ಚಳದ ಮೇಲೆ ಭಾರ ಹಾಕದೆ ಶಟ್ ಡೌನ್ ಮಾಡತಕ್ಕದ್ದು. ವಿಂಡೋಸಿನ ಶಟ್ ಡೌನ್ ಕೂಡ ಬೇಗನೆ ಮತ್ತೆ ಏಳಲೆಂದು ತನ್ನ ಸ್ಥಿತಿಯ ಒಂದಂಶವನ್ನು ಉಳಿಸಿಕೊಳ್ಳುತ್ತದೆ. ಕೀಲಿಮಣೆಯ ಶಿಫ್ಟ್ ಗುಂಡಿಯನ್ನು ಹಿಡಿದುಕೊಂಡು ಶಟ್ ಡೌನ್ ಒತ್ತಿದರೆ ಯಂತ್ರ ಪೂರ್ತಿಯಾಗಿ ಆರುತ್ತದೆ.

ಆಪಲ್ ಕಂಪನಿಯ ಮ್ಯಾಕ್ ಯಂತ್ರಗಳಲ್ಲಿ ಏರ್‌ಪ್ಲೇನ್ ಮೋಡ್ ಎಂಬುದಿಲ್ಲ, ವೈಫೈ ಮತ್ತು ಬ್ಲೂಟೂತ್‌ಗಳನ್ನು ಮೇಲಿನ ಪಟ್ಟಿಯಲ್ಲಿ ಬೇರೆ ಬೇರೆಯಾಗಿ ಆರಿಸಬೇಕು. ಕಳೆದುಹೋದ ಯಂತ್ರವನ್ನು ಹುಡುಕಿಕೊಡುವ ಫೈಂಡ್ ಮೈ ಎಂಬ ಸೌಲಭ್ಯವು 2019ರಿಂದೀಚೆಗೆ ನಿದ್ರಿಸುತ್ತಿರುವ ಮ್ಯಾಕ್‌ನಿಂದಲೂ ಬ್ಲೂಟೂತ್ ಸಂಕೇತವನ್ನು ಕಳಿಸುತ್ತದೆ. ಕಳ್ಳತನವಾದಾಗ ಇದು ಉಪಕಾರಿ, ಆದ್ದರಿಂದ ಅದನ್ನು ತೆಗೆದುಹಾಕಿರೆಂದು ನಾವು ಹೇಳುವುದಿಲ್ಲ. ಇದೆಯೆಂದು ತಿಳಿದಿದ್ದರೆ ಸಾಕು.

ಎಲ್ಲರೂ ಮರೆಯುವ ವಸ್ತು ಒಂದಿದೆ, ಅದು ತಂತಿಯಿಲ್ಲದ ಮೌಸ್. ಅದರ ಜೊತೆಗೆ ಬರುವ ಉಗುರಿನಷ್ಟು ಚಿಕ್ಕ ತುಂಡನ್ನು ಯುಎಸ್‌ಬಿ ರಂಧ್ರಕ್ಕೆ ಸಿಕ್ಕಿಸಿ ವರ್ಷಗಟ್ಟಲೆ ಹಾಗೆಯೇ ಬಿಟ್ಟಿರುತ್ತೇವೆ. ಆ ತುಂಡು ತಾನೇ ಒಂದು ಪ್ರತ್ಯೇಕ ರೇಡಿಯೋ. ಏರ್‌ಪ್ಲೇನ್ ಮೋಡಿನ ಅಪ್ಪಣೆ ಅದಕ್ಕೆ ತಟ್ಟುವುದೇ ಇಲ್ಲ. ಲ್ಯಾಪ್‌ಟಾಪಿನ ರೇಡಿಯೋಗಳೆಲ್ಲ ಆರಿವೆ, ಆದರೂ ಮೌಸ್ ಓಡಾಡುತ್ತಿದೆ ಎಂದರೆ ಆ ತುಂಡು ಇನ್ನೂ ಮಾತಾಡುತ್ತಿದೆ ಎಂದರ್ಥ. ಅದನ್ನು ಕಿತ್ತಿಡುವುದೊಂದೇ ದಾರಿ.

ಹಳೆಯ ಯಂತ್ರಗಳ ಪಕ್ಕದಲ್ಲಿ ಜಾರುಗುಂಡಿಯೊಂದು ಇರುತ್ತಿತ್ತು. ಸರಿಸಿದರೆ ರೇಡಿಯೋ ಆರುತ್ತಿತ್ತು, ಪುಟ್ಟ ದೀಪವೂ ಆರುತ್ತಿತ್ತು. ಅಷ್ಟು ನಿಚ್ಚಳವಾದ ಏರ್ಪಾಟನ್ನು ತಯಾರಕರು ಏಕೆ ಕೈಬಿಟ್ಟರೋ! ಇಂದು ಅದಕ್ಕೆ ಸಮನಾದದ್ದು ಬೇಕೆಂದರೆ ಯಂತ್ರ ಏಳುವ ಮೊದಲೇ ತೆರೆಯುವ ಬಯೋಸ್ ಎಂಬ ಪುಟಕ್ಕೆ ಹೋಗಬೇಕು. ಹಲವು ಮಾದರಿಗಳಲ್ಲಿ ಅಲ್ಲಿ ವೈಫೈ, ಬ್ಲೂಟೂತ್‌ಗಳನ್ನು ಬುಡದಲ್ಲಿಯೇ ನಿಲ್ಲಿಸುವ ಆಯ್ಕೆಯಿರುತ್ತದೆ. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಅಡಾಪ್ಟರನ್ನು ಡಿಸೇಬಲ್ ಮಾಡುವುದು ನಡುವಣ ಹಾದಿ. ಹಾಗೆ ಮಾಡಿದರೆ ಬೆಳಿಗ್ಗೆ ವೈಫೈ ಬೇಕೆಂದಾಗ ಮತ್ತೆ ಅಲ್ಲಿಗೇ ಹೋಗಿ ಎನೇಬಲ್ ಮಾಡಬೇಕೆಂಬುದನ್ನು ಮನೆಯವರಿಗೆಲ್ಲ ಹೇಳಿಟ್ಟಿರಬೇಕು. ಪರೀಕ್ಷೆಯ ದಿನ ವೈಫೈ ಬರುತ್ತಿಲ್ಲವೆಂದು ಮಕ್ಕಳು ಕಂಗಾಲಾಗಬಾರದು. ನಿಡಸೋಸಿಯಂಥ ಕಡೆ ಎಂಜಿನಿಯರಿಂಗ್ ಓದುವ ಹುಡುಗರು ಲಿನಕ್ಸ್ ಬಳಸುವುದುಂಟು. ಅವರಿಗೆ ಆರ್‌ಎಫ್‌ಕಿಲ್ ಎಂಬ ಆದೇಶ ಪರಿಚಿತವೇ ಇದ್ದೀತು. ಪ್ರತಿಯೊಂದು ರೇಡಿಯೋ ತಂತ್ರಾಂಶದಿಂದ ನಿಂತಿದೆಯೋ ಯಂತ್ರಾಂಶದಿಂದಲೇ ನಿಂತಿದೆಯೋ ಎಂಬುದನ್ನು ಅದು ಪಟ್ಟಿ ಮಾಡಿ ತೋರಿಸುತ್ತದೆ.

ಆರಿತೆಂದು ಖಚಿತಪಡಿಸಿಕೊಳ್ಳುವುದು ಹೇಗೆ? ಯಂತ್ರದ ಮಾತನ್ನು ನಂಬುವುದಕ್ಕಿಂತ ಹೊರಗಿನ ಸಾಕ್ಷಿ ಕೇಳುವುದು ಲೇಸು. ಫೋನಿನ ಹಾಟ್‌ಸ್ಪಾಟ್‌ನಿಂದ ಇಂಟರ್ನೆಟ್ ಕೊಟ್ಟಿದ್ದರೆ, ಎಷ್ಟು ಸಾಧನಗಳು ಕೂಡಿಕೊಂಡಿವೆ ಎಂಬ ಸಂಖ್ಯೆ ಫೋನಿನಲ್ಲಿಯೇ ಕಾಣುತ್ತದೆ. ಲ್ಯಾಪ್‌ಟಾಪಿನ ವೈಫೈ ಆರಿಸಿದೊಡನೆ ಅದು ಒಂದು ಕಡಿಮೆಯಾಗಬೇಕು. ಬ್ಲೂಟೂತ್‌ಗೆ ಇಯರ್‌ಫೋನನ್ನು ಜೋಡಿಸಿ, ಹಾಡು ಹಚ್ಚಿ, ಬ್ಲೂಟೂತ್ ಆರಿಸಿ ನೋಡಿ. ಕಿವಿಯಲ್ಲಿಯ ಹಾಡು ನಿಲ್ಲಬೇಕು. ಇನ್ನೊಂದು ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಲ್ಯಾಪ್‌ಟಾಪಿನ ಹೆಸರು ಕಾಣಲಿಲ್ಲವೆಂಬುದು ಮಾತ್ರ ಸಾಕ್ಷಿಯಾಗದು. ರೇಡಿಯೋ ಹತ್ತಿದ್ದರೂ ಹೆಸರನ್ನು ಮರೆಮಾಡಿಕೊಂಡಿರುವುದು ಅವುಗಳ ಸ್ವಭಾವ. ಕೊನೆಗೊಂದು ಬಾರಿ ಯಂತ್ರವನ್ನು ರೀಸ್ಟಾರ್ಟ್ ಮಾಡಿ, ಆರಿಸಿದ್ದು ಆರಿಯೇ ಉಳಿದಿದೆಯೇ ಎಂದು ನೋಡಿದರೆ ಪರೀಕ್ಷೆ ಪೂರ್ಣವಾದಂತೆ.

ಲ್ಯಾಪ್‌ಟಾಪಿಗೆ ಇಷ್ಟೆಲ್ಲ ಮಾಡಿ ಫೋನನ್ನು ದಿಂಬಿನ ಕೆಳಗೆ ಇಟ್ಟುಕೊಂಡರೆ ಹೊಲಕ್ಕೆ ಬೇಲಿ ಹಾಕಿ ಬಾಗಿಲು ತೆರೆದಿಟ್ಟಂತೆಯೇ ಸರಿ. ಫೋನಿನ ರೇಡಿಯೋ ಲ್ಯಾಪ್‌ಟಾಪಿನದಕ್ಕಿಂತ ಬಲವಾದುದು, ದೇಹಕ್ಕೆ ಹತ್ತಿರವಿರುವಂಥದು. ಅಲ್ಲಿಯೂ ಗುಂಡಿಗಳು ಇದೇ ಆಟವಾಡುತ್ತವೆ. ಐಫೋನಿನಲ್ಲಿ ಬೆರಳಿನಿಂದ ಎಳೆದು ತೆರೆಯುವ ಫಲಕದಲ್ಲಿ ವೈಫೈ ಗುರುತನ್ನು ಒತ್ತಿದರೆ ಸಂಪರ್ಕ ಕಡಿಯುತ್ತದೆ, ರೇಡಿಯೋ ಆರುವುದಿಲ್ಲ. ಬೆಳಗಿನ 5 ಗಂಟೆಗೆ ಅದು ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ. 2017ರಿಂದ ಬಂದ ಪದ್ಧತಿ ಇದು. ಪೂರ್ತಿ ಆರಿಸಬೇಕೆಂದರೆ ಸೆಟ್ಟಿಂಗ್ಸ್ ಒಳಗೇ ಹೋಗಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ ಲೊಕೇಶನ್ ವಿಭಾಗದೊಳಗೆ ವೈಫೈ ಸ್ಕ್ಯಾನಿಂಗ್, ಬ್ಲೂಟೂತ್ ಸ್ಕ್ಯಾನಿಂಗ್ ಎಂಬ ಎರಡು ಆಯ್ಕೆಗಳು ಅಡಗಿರುತ್ತವೆ. ಅವು ಹತ್ತಿದ್ದರೆ ವೈಫೈ ಆರಿಸಿದ ಮೇಲೆಯೂ ಫೋನು ಸುತ್ತಲೂ ತಡಕಾಡುತ್ತಿರುತ್ತದೆ.

ಈಗ ಆರೋಗ್ಯದ ಮೂಲ ಪ್ರಶ್ನೆಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2011ರ ಮೇ ತಿಂಗಳಿನಲ್ಲಿ ರೇಡಿಯೋ ಅಲೆಗಳನ್ನು "ಕ್ಯಾನ್ಸರಿಗೆ ಕಾರಣವಾಗುವ ಸಾಧ್ಯತೆಯುಳ್ಳವು" ಎಂಬ 2ಬಿ ವರ್ಗಕ್ಕೆ ಸೇರಿಸಿತು. ಭೀತಿ ಹುಟ್ಟಿಸುವವರು ಈ ಒಂದು ವಾಕ್ಯವನ್ನೇ ಹಿಡಿದು ತಿರುಗುತ್ತಾರೆ. ಆ ವರ್ಗದ ಅರ್ಥ "ಸಾಕ್ಷ್ಯ ಅಲ್ಪ, ಆದರೆ ಪೂರ್ತಿ ತಳ್ಳಿಹಾಕಲಾಗದು" ಎಂದಷ್ಟೇ. ಲೋಳೆಸರದ ಇಡೀ ಎಲೆಯ ಸಾರವನ್ನೂ ಮುಂದೆ ಅದೇ ವರ್ಗದಲ್ಲಿ ಇರಿಸಲಾಯಿತು. 2018ರಲ್ಲಿ ಅಮೆರಿಕದ ಸರ್ಕಾರಿ ಪ್ರಯೋಗವೊಂದರಲ್ಲಿ ದಿನಕ್ಕೆ 9 ಗಂಟೆಯಂತೆ ಎರಡು ವರ್ಷ ಇಡೀ ದೇಹಕ್ಕೆ ಬಲವಾದ ಫೋನ್ ಅಲೆಗಳನ್ನು ಹಾಯಿಸಿದ ಗಂಡು ಇಲಿಗಳ ಹೃದಯದಲ್ಲಿ ಗೆಡ್ಡೆಗಳು ಕಂಡವೆಂಬುದನ್ನೂ ಮರೆಮಾಚಬಾರದು. ಅದೇ ಪ್ರಯೋಗದಲ್ಲಿ ಅಲೆಗೆ ಒಡ್ಡಿದ ಗಂಡು ಇಲಿಗಳು ಒಡ್ಡದವುಗಳಿಗಿಂತ ಹೆಚ್ಚು ಕಾಲ ಬದುಕಿದ್ದವು. ಮನುಷ್ಯರ ವಿಷಯದಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ವಿಸ್ತೃತ ವಿಮರ್ಶೆಯೊಂದು 2024ರಲ್ಲಿ ಪ್ರಕಟವಾಯಿತು. 63 ಅಧ್ಯಯನಗಳನ್ನು ಜಾಲಾಡಿದ ಆ ವಿಮರ್ಶೆಗೆ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ಭಾರತ ಸರ್ಕಾರವಂತೂ 2012ರ ಸೆಪ್ಟೆಂಬರ್ 1ರಿಂದ ಮೊಬೈಲ್ ಗೋಪುರಗಳ ಅಲೆಯ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು. ಫೋನುಗಳಿಗೂ ಒಂದು ಮಿತಿಯಿದೆ: ದೇಹ ಹೀರುವ ಪ್ರಮಾಣ ಕಿಲೋಗ್ರಾಮಿಗೆ 1.6 ವ್ಯಾಟ್ ಮೀರಕೂಡದು. ನಿಮ್ಮ ಫೋನಿನ ಪ್ರಮಾಣ ಎಷ್ಟೆಂದು ತಿಳಿಯಲು ನಕ್ಷತ್ರ, ಹ್ಯಾಶ್, 07, ಹ್ಯಾಶ್ ಎಂದು ಒತ್ತಿ ನೋಡಬಹುದು.

"ವೈಫೈ ಹತ್ತಿದರೆ ನನಗೆ ತಲೆ ಸಿಡಿಯುತ್ತದೆ" ಎನ್ನುವ ಭಕ್ತರೂ ಇದ್ದಾರೆ. ಅವರ ನೋವು ಸುಳ್ಳಲ್ಲ, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಕಾರಣ ಬೇರೆ ಇರಬಹುದು. ಹೀಗೆ ಹೇಳುವ 725 ಜನರ ಮೇಲೆ ನಡೆದ 31 ಪ್ರಯೋಗಗಳನ್ನು 2005ರಲ್ಲಿ ಒಟ್ಟುಗೂಡಿಸಿ ನೋಡಲಾಯಿತು. ಅಲೆ ನಿಜವಾಗಿ ಇದೆಯೋ ಇಲ್ಲವೋ ಎಂಬುದನ್ನು ಮುಚ್ಚಿಟ್ಟಾಗ ಅವರು ಅದನ್ನು ಗುರುತಿಸಬಲ್ಲರೆಂಬುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಇಂಥವರು ವೈಫೈಯನ್ನು ದೂರಿ ಸುಮ್ಮನಾಗದೆ ರಕ್ತದೊತ್ತಡ, ಕಣ್ಣು, ರಕ್ತಹೀನತೆಗಳ ತಪಾಸಣೆಯನ್ನು ಮಾಡಿಸಿಕೊಳ್ಳಬೇಕು. ಅಲೆಯ ಮೇಲೆ ಹೊರಿಸಿದ ತಲೆನೋವು ಚಾಳೀಸಿನ ಕನ್ನಡಕದಿಂದ ಹೋಗುವಂಥದ್ದಾಗಿದ್ದರೆ ಅಷ್ಟು ದಿನ ನರಳಿದ್ದು ವ್ಯರ್ಥವಲ್ಲವೇ?

ಈ ಭೀತಿಯ ಬೆನ್ನಿಗೆ ಒಂದು ವ್ಯಾಪಾರವೂ ಬೆಳೆದಿದೆ. ಲ್ಯಾಪ್‌ಟಾಪಿಗೆ ಅಂಟಿಸುವ ಚಿಪ್ಪು, ಕೊರಳಲ್ಲಿ ಕಟ್ಟಿಕೊಳ್ಳುವ ಬಿಲ್ಲೆ, ಅಲೆಯನ್ನು ಹೀರುವ ಚೀಟಿ ಎಂದೆಲ್ಲ ಮಾರುತ್ತಾರೆ. ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟೆ: ಇವುಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿರಿ. ಅಮೆರಿಕದ ವ್ಯಾಪಾರ ಆಯೋಗವು ಇಂಥ ಚೀಟಿಗಳನ್ನು ಮಾರಿದವರ ಮೇಲೆ 2002ರಲ್ಲಿಯೇ ದಾವೆ ಹೂಡಿತು. ಸಂಕೇತಕ್ಕೆ ಅಡ್ಡಗಟ್ಟಿದರೆ ಫೋನು ಇನ್ನಷ್ಟು ಬಲ ಹಾಕಿ ಕೂಗಬೇಕಾಗುತ್ತದೆ ಎಂಬುದನ್ನೂ ಆ ಆಯೋಗ ಜನರಿಗೆ ತಿಳಿಸಿತು. ಇದಕ್ಕಿಂತ ಕಟುವಾದ ಉದಾಹರಣೆ ನೆದರ್ಲೆಂಡ್ಸ್ ದೇಶದ್ದು. 5ಜಿ ಅಲೆಗಳಿಂದ ಕಾಪಾಡುವುದೆಂದು ಮಾರುತ್ತಿದ್ದ ಪದಕ, ಕಣ್ಣುಪಟ್ಟಿ, ಮಕ್ಕಳ ಕೈಬಳೆ ಮುಂತಾದ ಹತ್ತು ವಸ್ತುಗಳನ್ನು ಅಲ್ಲಿನ ಅಣುಸುರಕ್ಷತಾ ಪ್ರಾಧಿಕಾರ 2021ರ ಡಿಸೆಂಬರಿನಲ್ಲಿ ಪರೀಕ್ಷಿಸಿತು. ಅವು ಸ್ವತಃ ವಿಕಿರಣ ಸೂಸುತ್ತಿದ್ದವು! ಧರಿಸಬೇಡಿರಿ, ಬೇರೆಯಾಗಿ ಇಟ್ಟುಬಿಡಿರಿ ಎಂದು ಸರ್ಕಾರ ಎಚ್ಚರಿಸಬೇಕಾಯಿತು. ಇಲ್ಲದ ಅಪಾಯಕ್ಕೆ ಅಂಜಿ ಇರುವ ಅಪಾಯವನ್ನು ಕೊರಳಿಗೆ ಕಟ್ಟಿಕೊಂಡಂತಾಯಿತು.

ಹಾಗಾದರೆ ಲ್ಯಾಪ್‌ಟಾಪಿನಿಂದ ಕೇಡೇ ಇಲ್ಲವೇ? ಇದೆ, ಅದು ಅಲೆಯಿಂದಲ್ಲ.

ಮೊದಲನೆಯದು ಶಾಖ. ಹೆಸರಿಗೆ ತೊಡೆಯ ಮೇಲಿನ ಯಂತ್ರವಾದರೂ ತೊಡೆಯ ಮೇಲೆ ಇಡಬಾರದ ಯಂತ್ರವಿದು. ದಿನಕ್ಕೆ ಹಲವು ಗಂಟೆ, ತಿಂಗಳುಗಟ್ಟಲೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಆಟವಾಡಿದ 12 ವರ್ಷದ ಬಾಲಕನ ಎಡತೊಡೆಯ ಚರ್ಮ ಬಲೆಬಲೆಯಾಗಿ ಕಪ್ಪಿಟ್ಟಿದ್ದನ್ನು ಸ್ವಿಟ್ಜರ್ಲೆಂಡಿನ ವೈದ್ಯರು 2010ರಲ್ಲಿ ವರದಿ ಮಾಡಿದರು. ಒಲೆಯ ಮುಂದೆ ಬಹುಕಾಲ ಕೂತು ಕಾಯಿಸಿಕೊಂಡವರ ಕಾಲಿನ ಮೇಲೆ ಹಿಂದೆ ಕಾಣುತ್ತಿದ್ದ ಕಲೆಯೇ ಇದು. ಸಂತಾನಾಪೇಕ್ಷೆಯುಳ್ಳ ಗಂಡಸರು ತಿಳಿಯಬೇಕಾದ ಮಾತೊಂದಿದೆ. ನ್ಯೂಯಾರ್ಕಿನ ಸಂಶೋಧಕರು 2005ರಲ್ಲಿ 29 ಜನ ಪುರುಷರನ್ನು ಒಂದು ಗಂಟೆ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂಡಿಸಿದಾಗ ವೃಷಣಚೀಲದ ಉಷ್ಣತೆ 2.6ರಿಂದ 2.8 ಡಿಗ್ರಿ ಸೆಲ್ಸಿಯಸ್ ಏರಿತು. ಯಂತ್ರವಿಲ್ಲದೆ ಬರಿದೆ ತೊಡೆ ಜೋಡಿಸಿ ಕೂತಾಗಲೂ 2.1 ಡಿಗ್ರಿ ಏರಿತೆಂಬುದು ಗಮನಿಸತಕ್ಕದ್ದು. ಪುರುಷಬೀಜದ ಉತ್ಪತ್ತಿಗೆ ಆ ಭಾಗ ತಂಪಾಗಿರಬೇಕೆಂಬುದು ವೈದ್ಯಶಾಸ್ತ್ರ ಬಲ್ಲ ಸಂಗತಿ. ವೈಫೈಯಿಂದಲೇ ಬೀಜಕ್ಕೆ ಹಾನಿಯೆಂದು ಪ್ರಯೋಗಾಲಯದ ತಟ್ಟೆಯಲ್ಲಿ ಕಂಡೆವೆಂಬ ವರದಿಯೊಂದು 2012ರಲ್ಲಿ ಬಂದುದುಂಟು. ಆದರೆ ತಟ್ಟೆಯ ಮಾತು ದೇಹದ ಮಾತಾಗಲಾರದು. ಮೇಜಿನ ಮೇಲಿಟ್ಟರೆ ಶಾಖದ ಚಿಂತೆಯೂ ಅಲೆಯ ಚಿಂತೆಯೂ ಒಟ್ಟಿಗೇ ಕಳೆಯುತ್ತವೆ. ಬಸುರಿಯಾದ ಸೊಸೆಯ ವಿಷಯದಲ್ಲಿಯೂ ನಮ್ಮ ಮಾತು ಇದೇ. ಅವಳ ಕೆಲಸವನ್ನು ಬಿಡಿಸಬೇಡಿರಿ. ಎತ್ತರ ಸರಿಯಾದ ಮೇಜು ಕುರ್ಚಿ ಕೊಡಿಸಿರಿ, ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಲಿ. ಕಾಲು ಬಾವು, ಬೆನ್ನುನೋವುಗಳು ಅವಳನ್ನು ಕಾಡುವಷ್ಟು ಅಲೆ ಕಾಡದು.

ಪೇಸ್‌ಮೇಕರ್ ಇರುವ ಹಿರಿಯರಿಗೆ ಇನ್ನೊಂದು ಮಾತು. ಅಲೆಗಿಂತ ಮಿಗಿಲಾಗಿ ಅವರು ಅಂಜಬೇಕಾದದ್ದು ಅಯಸ್ಕಾಂತಕ್ಕೆ. ಬಲವಾದ ಅಯಸ್ಕಾಂತ ಎದೆಯ ಸಮೀಪ ಬಂದರೆ ಪೇಸ್‌ಮೇಕರ್ ತನ್ನ ನಡೆಯನ್ನು ತಾತ್ಕಾಲಿಕವಾಗಿ ಬದಲಿಸುವಂತೆಯೇ ಅದನ್ನು ರಚಿಸಿರುತ್ತಾರೆ. ಮುಚ್ಚಿದ್ದು ತಿಳಿಯಲೆಂದು ಅನೇಕ ಲ್ಯಾಪ್‌ಟಾಪುಗಳ ಮುಚ್ಚಳದಲ್ಲಿ, ಧ್ವನಿಗೆಂದು ಸ್ಪೀಕರಿನಲ್ಲಿ, 2020ರಿಂದೀಚಿನ ಐಫೋನುಗಳ ಬೆನ್ನಿನಲ್ಲಿ, ಇಯರ್‌ಫೋನಿನ ಡಬ್ಬಿಯಲ್ಲಿ ಅಯಸ್ಕಾಂತಗಳಿರುತ್ತವೆ. ಏರ್‌ಪ್ಲೇನ್ ಮೋಡ್ ಹಾಕಿದರೆ ಅಲೆ ನಿಂತೀತು, ಅಯಸ್ಕಾಂತ ನಿಲ್ಲುವುದಿಲ್ಲ. ಇವನ್ನೆಲ್ಲ ಎದೆಯಿಂದ ಒಂದು ಗೇಣಿನಷ್ಟು, ಅಂದರೆ ಕನಿಷ್ಠ 15 ಸೆಂಟಿಮೀಟರ್ ದೂರವಿಡಬೇಕು. ಅಜ್ಜನವರು ಅಂಗಿಯ ಎಡಜೇಬಿನಲ್ಲಿ ಫೋನಿಡುವ ರೂಢಿಯನ್ನು ಬಿಡಬೇಕು, ಮಲಗಿದಲ್ಲಿ ಎದೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪ್ರವಚನ ನೋಡಬಾರದು. ಮೊಮ್ಮಗನ ಪಕ್ಕದಲ್ಲಿ ಕೂಡ್ರುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಸಂಶಯವಿದ್ದರೆ ಪೇಸ್‌ಮೇಕರಿನ ಚೀಟಿಯೊಡನೆ ಹೃದಯತಜ್ಞರನ್ನು ಕೇಳುವುದು ಒಳ್ಳೆಯದು.

ಮೂರನೆಯದು ನಿದ್ರೆ. ರಾತ್ರಿ ರೇಡಿಯೋ ಆರಿಸುವುದರಿಂದ ನಿಜವಾದ ಲಾಭವಿರುವುದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ. ನಿದ್ರೆ ಕೆಡಿಸುವುದು ಅಲೆಯಲ್ಲ, ಅಲೆಯ ಮೇಲೆ ಏರಿ ಬರುವ ಸಂದೇಶ. ಮಲಗುವ ಮುನ್ನ ಬೆಳಗುವ ಪರದೆಯಲ್ಲಿ ಓದಿದವರಿಗೆ, ಕಾಗದದ ಪುಸ್ತಕ ಓದಿದಾಗಿಗಿಂತ ನಿದ್ರೆ ಹತ್ತುವುದು ಸುಮಾರು 10 ನಿಮಿಷ ತಡವಾಯಿತೆಂದೂ ಮರುದಿನ ಬೆಳಿಗ್ಗೆ ಚುರುಕು ಕಡಿಮೆಯಿತ್ತೆಂದೂ 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಹೇಳಿತು. ನೆರೆಯ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ ಎಂಬ ಹಳ್ಳಿಯಲ್ಲಿ 2022ರ ಆಗಸ್ಟಿನಿಂದ ಸಂಜೆ 7 ಗಂಟೆಗೆ ಗುಡಿಯ ಸೈರನ್ ಕೂಗಿದೊಡನೆ ಒಂದೂವರೆ ತಾಸು ಟಿವಿ, ಮೊಬೈಲುಗಳನ್ನು ಆರಿಸುವ ನೇಮವನ್ನು ಊರವರೇ ಮಾಡಿಕೊಂಡರು. ಮಕ್ಕಳು ಓದಲಿ, ಹಿರಿಯರು ಮಾತಾಡಲಿ ಎಂಬುದು ಅದರ ಉದ್ದೇಶ. ಅಲ್ಲಿಯವರು ವಿಕಿರಣದ ಹೆಸರನ್ನೇ ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ. ನಮ್ಮ ಮನೆಗಳಲ್ಲಿ ಪೂಜೆಗೆ ಕೂಡ್ರುವ ಮುನ್ನ ಎಲ್ಲ ರೇಡಿಯೋಗಳನ್ನೂ ಆರಿಸಿ, ಊಟ ಮುಗಿಯುವವರೆಗೆ ಹಾಗೆಯೇ ಬಿಟ್ಟು ನೋಡಬಹುದು. ರೂಟರಿಗೆ ಗೋಡೆಯ ಗುಂಡಿ ಇದ್ದೇ ಇದೆ, ಅದು ನಂಬಿಕೆಯ ಗುಂಡಿ.

ತೋಟದ ಮನೆಗಳಲ್ಲಿ ಇರುವವರು ಇನ್ನೊಂದನ್ನು ಗಮನಿಸಬೇಕು. ಮೂಡಲಗಿ, ಹುಕ್ಕೇರಿಯ ಕಬ್ಬಿನ ಹೊಲಗಳ ನಡುವೆ, ಗುಡ್ಡದ ಮರೆಯಲ್ಲಿ ಸಿಗ್ನಲ್ ಕ್ಷೀಣವಾದಲ್ಲಿ ಫೋನು ಗೋಪುರವನ್ನು ಮುಟ್ಟಲು ತನ್ನ ಪೂರ್ತಿ ಬಲ ಹಾಕುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಅಂಥಲ್ಲಿ ದಿಂಬಿನ ಕೆಳಗೆ ಫೋನಿಡದೆ ಏರ್‌ಪ್ಲೇನ್ ಮೋಡಿನಲ್ಲಿ ಗೂಡಿನಲ್ಲಿಟ್ಟರೆ ಬೆಳಗಿನ ಅಲಾರಂ ತಪ್ಪದೆ ಹೊಡೆಯುತ್ತದೆ.

ಆದರೆ ಮನೆಯ ಎಲ್ಲ ಫೋನುಗಳನ್ನೂ ಹಾಗೆ ಮಾಡಬೇಡಿರಿ. ಒಂದು ಫೋನು, ಪಡಸಾಲೆಯಲ್ಲಿ ಎಲ್ಲರಿಗೂ ಕೇಳುವಂತೆ, ಹತ್ತಿಯೇ ಇರಲಿ. ನಡುರಾತ್ರಿ ಎದೆನೋವು ಬಂದರೆ 108ಕ್ಕೆ ಕರೆ ಮಾಡಲು, ದೂರದೂರಿನ ಮಗಳ ಕರೆ ತಗೊಳ್ಳಲು ಅದು ಬೇಕು. ಮಳೆಗಾಲದಲ್ಲಿಯಂತೂ ಇದು ಕಡ್ಡಾಯವೆಂದೇ ತಿಳಿಯಿರಿ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದೊಳಗೇ ನೀರು ನುಗ್ಗಿದ್ದನ್ನು, ಲೋಳಸೂರ ಸೇತುವೆ ಮುಳುಗಿದ್ದನ್ನು ಯಾರೂ ಮರೆತಿಲ್ಲ. ಸರ್ಕಾರವು ಗೋಪುರದಿಂದ ಎಲ್ಲ ಫೋನುಗಳಿಗೂ ಒಮ್ಮೆಲೆ ಎಚ್ಚರಿಕೆ ಕಳಿಸುವ ಏರ್ಪಾಟನ್ನು 2023ರಲ್ಲಿ ಕರ್ನಾಟಕದಲ್ಲಿಯೂ ಪ್ರಯೋಗಿಸಿ ನೋಡಿದೆ. ದೊಡ್ಡ ಸದ್ದಿನೊಡನೆ ಬಂದ ಆ ಸಂದೇಶ ಹಲವರಿಗೆ ನೆನಪಿರಬಹುದು. ಏರ್‌ಪ್ಲೇನ್ ಮೋಡಿನಲ್ಲಿರುವ ಫೋನಿಗೆ ಅದು ಮುಟ್ಟುವುದಿಲ್ಲ. ಹಿಡಕಲ್ ಜಲಾಶಯದ ಗೇಟುಗಳನ್ನು ತೆರೆದಿದ್ದಾರೆಂಬ ಸುದ್ದಿಯಿರುವ ರಾತ್ರಿಗಳಲ್ಲಿ, ನದಿಯ ದಡದ ಊರುಗಳವರು ಲ್ಯಾಪ್‌ಟಾಪನ್ನು ಬೇಕಾದರೆ ಪೂರ್ತಿ ಆರಿಸಿರಿ, ಪಡಸಾಲೆಯ ಆ ಒಂದು ಫೋನನ್ನು ಮಾತ್ರ ಚಾರ್ಜಿಗೆ ಹಚ್ಚಿ, ಸದ್ದು ಏರಿಸಿ ಇಡಿರಿ.